ಟರ್ಬೊ ಹೋಯ್ತು: ಹೊಸದಾ, ಕೋರ್ ಸಾಕಾ, ಗುಜರಿಯದ್ದಾ?

ಪ್ರಶ್ನೆ: ನಮ್ಮದು ಹಳೇ ಸ್ವಿಫ್ಟ್ ಡೀಸೆಲ್. ಪಿಕಪ್ ಇಲ್ಲ, ನೀಲಿ ಹೊಗೆ ಬರ್ತಿದೆ. ಟರ್ಬೊ ಹೋಗಿದೆ ಅಂತಾರೆ ಮೆಕ್ಯಾನಿಕ್. ಹೊಸದಕ್ಕೆ ಅಷ್ಟು ದುಡ್ಡಿಲ್ಲ. ಗುಜರಿಯಲ್ಲಿ ಸಿಗೋದನ್ನ ಹಾಕಿಸಬಹುದಾ?

ಉತ್ತರ: ಬೇಡ. ಟರ್ಬೊ ಅಂದರೆ ಇಂಜಿನ್ ಹೊಗೆಯ ರಭಸದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ. ದುಡ್ಡು ಕಡಿಮೆ ಇದ್ದರೆ ಅದರ ನಡುವಿನ ತಿರುಗುವ ಭಾಗ, ಅಂದರೆ ಕೋರ್, ಮಾತ್ರ ಬದಲಿಸಿ. ಅದಕ್ಕೂ ಮೊದಲು ಟರ್ಬೊ ನಿಜವಾಗಿ ಹೋಗಿದೆಯಾ ನೋಡಿ.

ಇಂಜಿನ್ ತಣ್ಣಗಿರುವಾಗ ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿಸಿ. ಒಳಗೆ ಟರ್ಬೊದ ಚಿಕ್ಕ ಫ್ಯಾನ್ ಕಾಣುತ್ತದೆ. ನಡುವಿನ ನಟ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ಸ್ವಲ್ಪ ಆಟ ಇದ್ದೇ ಇರುತ್ತದೆ, ಏಕೆಂದರೆ ಶಾಫ್ಟ್ ತಿರುಗುವುದು ಆಯಿಲ್ ಪದರದ ಮೇಲೆ. ಹಿಂದೆ-ಮುಂದೆ ಆಟ ಕೈಗೆ ಗೊತ್ತಾದರೆ, ಅಥವಾ ರೆಕ್ಕೆ ತಾಗಿ ಹೌಸಿಂಗ್‌ನಲ್ಲಿ (ಹೊರಕವಚದಲ್ಲಿ) ಗೀರು ಬಿದ್ದಿದ್ದರೆ, ಮೆಕ್ಯಾನಿಕ್ ಹೇಳಿದ್ದು ಸರಿ. ಎರಡೂ ಇಲ್ಲ, ಬರೀ ಆಯಿಲ್ ಒಸರಿದೆ ಅಂದರೆ ಇಂಜಿನ್ ಬ್ರೀದರ್ (ಒಳಗಿನ ಗ್ಯಾಸ್ ಹೊರಹೋಗುವ ದಾರಿ) ಅಥವಾ ಟರ್ಬೊದಿಂದ ಸಂಪ್‌ಗೆ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ) ಇಳಿಯುವ ಪೈಪ್ ಕಟ್ಟಿಕೊಂಡಿರಬಹುದು. ಹೊಗೆ ಕಪ್ಪಗಿದ್ದು ಪಿಕಪ್ ಇಲ್ಲದಿದ್ದರೆ ಗಾಳಿಯ ಹೋಸ್ ಸೀಳಿದೆಯಾ ಅಂತ ಮೊದಲು ನೋಡಬೇಕು.

ಈ ಪುಟ್ಟ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ದಾಟುತ್ತದೆ. ಗುಜರಿ ಟರ್ಬೊ ಹೊರಗೆ ಎಷ್ಟೇ ಚೊಕ್ಕವಾಗಿರಲಿ, ಒಳಗಿನ ಸವೆತ ಕಾಣುವುದಿಲ್ಲ. ಹೆಸರಿಲ್ಲದ ಅಗ್ಗದ ನಕಲಿನಲ್ಲಿ ಬ್ಯಾಲೆನ್ಸ್ ಸರಿಯಿದೆ ಅಂತ ನಂಬುವುದು ಹೇಗೆ? ಕೋರ್ ಅಂದರೆ ಶಾಫ್ಟ್, ಎರಡು ಫ್ಯಾನ್, ಬೇರಿಂಗ್ ಸೇರಿದ ನಡುವಿನ ಭಾಗ. ಹೌಸಿಂಗ್ ಮತ್ತು ಗಾಳಿಯ ಒತ್ತಡ ಹತೋಟಿಯಲ್ಲಿಡುವ ಆಕ್ಚುಯೇಟರ್ ಚೆನ್ನಾಗಿದ್ದರೆ ಅವೇ ಸಾಕು. ಬ್ಯಾಲೆನ್ಸ್ ಮಾಡಿದ ಸ್ಲಿಪ್ ಇಲ್ಲದ ಕೋರ್ ತಗೋಬೇಡಿ.

ಬೆಂಗಳೂರಿನವರಾದರೆ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವ ಮುಂಚೆ ಟರ್ಬೊ ಮೇಲಿನ ಪ್ಲೇಟ್‌ನ ಫೋಟೊ ತೆಗೆದುಕೊಳ್ಳಿ. ಅಂಗಡಿಯವರು ‘ಸ್ವಿಫ್ಟ್‌ದೇ ಸಾರ್, ಕೂರುತ್ತೆ’ ಅಂದರೆ ಸಾಲದು. ನಂಬರ್ ಪೂರ್ತಿ ಹೊಂದಬೇಕು. ಅದೇ 1.3 ಲೀಟರ್ ಇಂಜಿನ್ ಎರಡು ಬಗೆಯಲ್ಲಿ ಬಂದಿದೆ. ಸ್ವಿಫ್ಟ್‌ನ 75 ಪಿಎಸ್ ಶಕ್ತಿಯದ್ದು ಸರಳ ಟರ್ಬೊ, ಕೋರ್ ಬದಲಿಸುವುದು ಸುಲಭ. ಸಿಯಾಜ್, ಎರ್ಟಿಗಾದ 90 ಪಿಎಸ್‌ದು ವಿಜಿಟಿ. ಅದರೊಳಗೆ ಚಲಿಸುವ ರೆಕ್ಕೆಗಳಿವೆ, ಮೆಷಿನ್ ಮೇಲೆ ಗಾಳಿಯ ಫ್ಲೋ ಸೆಟ್ ಮಾಡಬೇಕು. ಅಂಥ ಮೆಷಿನ್ ಇರುವ ಟರ್ಬೊ ವರ್ಕ್‌ಶಾಪ್‌ಗೇ ಕೊಡಿ. ದೊಡ್ಡ ಟರ್ಬೊ ಹಾಕಿಸುವ ಆಸೆ ಸುಮ್ನೆ ಬಿಟ್ಟುಬಿಡಿ. ಊರೊಳಗಿನ ಓಡಾಟದಲ್ಲಿ ಇರುವ ಪಿಕಪ್ಪೂ ತಡವಾಗುತ್ತದೆ.

ಉಳಿದ ದುಡ್ಡನ್ನು ಆಯಿಲ್ ದಾರಿಗೆ ಇಡಿ. ಇದನ್ನು ಒತ್ತಿ ಹೇಳ್ತಿದ್ದೇನೆ. ಟರ್ಬೊ ತಾನಾಗಿ ಸಾಯುವುದು ಕಮ್ಮಿ. ಆಯಿಲ್ ಸಿಗದೆ, ಇಲ್ಲವೇ ಕೊಳಕು ಆಯಿಲ್‌ನಿಂದ ಸಾಯುವುದೇ ಜಾಸ್ತಿ. ಆಯಿಲ್ ತರುವ ಸಣ್ಣ ಪೈಪ್ ಒಳಗೆ ಮಸಿ ಗಟ್ಟಿಯಾಗಿ ಅಂಟಿರುತ್ತದೆ. ಅದೇ ಪೈಪ್‌ಗೆ ಹೊಸ ಕೋರ್ ಜೋಡಿಸಿದರೆ ಅದೂ ಬೇಗ ಹೋಗುತ್ತದೆ. ಪೈಪ್, ವಾಷರ್, ಗ್ಯಾಸ್ಕೆಟ್, ಆಯಿಲ್, ಫಿಲ್ಟರ್ ಎಲ್ಲವೂ ಹೊಸದಾಗಿರಲಿ. ಗಾಳಿ ಪೈಪ್‌ಗಳಲ್ಲಿ, ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರ್ ಇದ್ದರೆ ಅದರಲ್ಲೂ, ನಿಂತ ಆಯಿಲ್ ತೆಗೆಸಿ. ಇಲ್ಲದಿದ್ದರೆ ಇಂಜಿನ್ ಆ ಆಯಿಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಓಡಬಹುದು.

ಜೋಡಿಸುವಾಗ ಕೋರ್‌ನ ಆಯಿಲ್ ರಂಧ್ರಕ್ಕೆ ಹೊಸ ಆಯಿಲ್ ಹನಿಸಿ, ಕೈಯಿಂದ ಫ್ಯಾನ್ ತಿರುಗಿಸಬೇಕು. ಆಮೇಲೆ ಇಂಜಿನ್ ಸ್ಟಾರ್ಟ್ ಆಗದಂತೆ ಮಾಡಿ ಕ್ರ್ಯಾಂಕ್ ಹೊಡೆಸಬೇಕು, ಆಯಿಲ್ ಮೇಲೆ ಬರಲಿ ಅಂತ. ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಐಡಲ್‌ನಲ್ಲೇ ಬಿಡಿ. ಗ್ಯಾರೇಜ್‌ನವರು ಆಕ್ಸಿಲರೇಟರ್ ತುಳಿದು ತೋರಿಸಲು ಹೊರಟರೆ ಬೇಡ ಅನ್ನಿ.