ನಮ್ಮೂರಲ್ಲಿ ಎಷ್ಟು ರಿಕ್ಟರ್ ಆಯ್ತು?

ನೆಲ ಸ್ವಲ್ಪ ಅಲುಗಾಡಿದರೆ ಸಾಕು, ಭೂಕಂಪ ಅಳೆಯುವ ನಮಗೆ ಫೋನ್ ಮೇಲೆ ಫೋನ್. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಮೇಲಿಂದ ಮೇಲೆ ಕಂಪಿಸಿದಾಗಲೂ ಅದೇ ಪ್ರಶ್ನೆ: "ಸರ್, ನಮ್ಮೂರಾಗ ಎಷ್ಟ್ ರಿಕ್ಟರ್ ಆಗ್ಯಾದ್ರಿ?" ಹೆದರಿ ಮನೆಯ ಹೊರಗೆ ಮಲಗಿದ ಜನ, ಕೇಳದೆ ಇನ್ನೇನು ಮಾಡ್ತಾರೆ? ನನಗೆ ಸಿಟ್ಟು ಬರುವುದು "ಈ ಊರಲ್ಲಿ 4, ಪಕ್ಕದೂರಲ್ಲಿ 3" ಅಂತ ಹಬ್ಬಿಸುವವರ ಮೇಲೆ.

ರಿಕ್ಟರ್ ಸಂಖ್ಯೆ ಊರಿನದ್ದಲ್ಲ, ಭೂಕಂಪದ್ದು. ಒಂದು ಭೂಕಂಪಕ್ಕೆ ಒಂದೇ ಸಂಖ್ಯೆ.

ಭೂಕಂಪ ಮಾಪಕ ಬರೆಯುವ ಗೆರೆಯಲ್ಲಿ ಮೊದಲು ಕಂಪನದ ವೇಗದ ಅಲೆ ಕಾಣುತ್ತದೆ, ಅದು ಪಿ ಅಲೆ; ಹಿಂದೆಯೇ ನಿಧಾನದ ಎಸ್ ಅಲೆ. ನಡುವೆ 10 ಸೆಕೆಂಡ್ ಇದ್ದರೆ ಕಂಪನದ ಜಾಗ ಸುಮಾರು 80 ಕಿ.ಮೀ. ದೂರ. ನೆಲದೊಳಗಿನ ಕಲ್ಲು ಎಂಥದ್ದು ಅನ್ನುವುದರ ಮೇಲೆ ಇದು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ದೂರ ಸಿಕ್ಕಿತು, ದಿಕ್ಕು ಸಿಗಲಿಲ್ಲ. ಅದಕ್ಕೇ ಮಾಪಕ ಇರುವ ಕನಿಷ್ಠ ಮೂರು ಸ್ಟೇಷನ್ ಬೇಕು. ಒಂದೊಂದರ ಸುತ್ತ ಅಷ್ಟು ದೂರದ ವೃತ್ತ ಎಳೆದರೆ ಮೂರೂ ಕೂಡುವ ಕಡೆಯೇ ಕೇಂದ್ರ.

ಇನ್ನು ಗೆರೆಯ ಎತ್ತರ. ಹತ್ತಿರದ ಸ್ಟೇಷನ್ನಿನಲ್ಲಿ ಜಾಸ್ತಿ, ದೂರದ್ದರಲ್ಲಿ ಕಮ್ಮಿ. ಜನ ಎಡವುವುದು ಇಲ್ಲೇ. ನಾವು ಆ ಎತ್ತರವನ್ನು ಹಾಗೇ ಓದಿ ಹೇಳುವುದಿಲ್ಲ. 1935ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ರಿಕ್ಟರ್ ಒಂದು ನಿಯಮ ಹಾಕಿದರು: 100 ಕಿ.ಮೀ. ದೂರದ ಮಾಪಕದಲ್ಲಿ ಗೆರೆ 1 ಮಿ.ಮೀ. ಹಾರಿದರೆ ಅದು 3, 10 ಮಿ.ಮೀ. ಹಾರಿದರೆ 4. ಮಾಪಕ 40 ಕಿ.ಮೀ.ನಲ್ಲಿರಲಿ, 300ರಲ್ಲಿರಲಿ, "ಇದೇ ಕಂಪನ 100 ಕಿ.ಮೀ.ನಲ್ಲಿ ಎಷ್ಟು ಹಾರಿಸುತ್ತಿತ್ತು?" ಅಂತಲೇ ಲೆಕ್ಕ. ಆಗ ಎಲ್ಲ ಸ್ಟೇಷನ್ನುಗಳ ಉತ್ತರ ಹೆಚ್ಚುಕಮ್ಮಿ ಒಂದೇ ಬರುತ್ತದೆ. ಅದರ ಸರಾಸರಿಯನ್ನೇ ನಿಮಗೆ ಹೇಳುವುದು. ದೊಡ್ಡ ಭೂಕಂಪಕ್ಕೆ ಈಗ ಬೇರೆ ಮಾಪನ ಇದೆ, ಅಲ್ಲೂ ಸಂಖ್ಯೆ ಒಂದೇ.

ಮೊದಲು 4.3 ಅಂದವರು ಆಮೇಲೆ 4.1 ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲ್ಲ. ಇನ್ನಷ್ಟು ಸ್ಟೇಷನ್ನುಗಳ ಗೆರೆ ಕೈಗೆ ಬಂದಿರುತ್ತದೆ, ಅಷ್ಟೇ.

1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ 6.2. 2001ರ ಗುಜರಾತಿನ ಭುಜ್‌ನದ್ದು 7.7, ಶಕ್ತಿಯಲ್ಲಿ ಸುಮಾರು 180 ಪಟ್ಟು ದೊಡ್ಡದು. ಆದರೂ ಕಿಲ್ಲಾರಿ ಸುತ್ತಿನ ಊರುಗಳು ನೆಲಸಮವಾದವು. ಕಂಪನ ಹುಟ್ಟಿದ್ದು ಹೆಚ್ಚು ಆಳದಲ್ಲಲ್ಲ. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಾಳಿಗೆ, ಕೆಳಗೆ ನಸುಕಿನ ನಿದ್ದೆಯಲ್ಲಿದ್ದ ಜನ. 6.2 ಅನ್ನುವುದರಲ್ಲಿ ಇದು ಯಾವುದೂ ಇಲ್ಲ.

ಊರೂರಿಗೆ ಬೇರೆಯಾಗುವುದು ಅಲುಗಾಟ. ಅದಕ್ಕೆ ಬೇರೆಯದೇ ಅಳತೆ ಇದೆ, ಅದು ನಿಮ್ಮಿಂದಲೇ ಸಿಗಬೇಕು. ಮುಂದಿನ ಸಲ ಫೋನ್ ಮಾಡಿದಾಗ ಹೇಳಿ: ಪಾತ್ರೆ ಬರೀ ಸದ್ದು ಮಾಡಿತೋ, ಕೆಳಗೆ ಬಿತ್ತೋ? ಮಲಗಿದವರಿಗೆ ಎಚ್ಚರವಾಯಿತೋ? ಬಿರುಕು ಹೊಸದೋ, ಮೊದಲೇ ಇತ್ತೋ?