ಎರಡನೇ ಗೇರಿನ ಕಿರ್ರ್ ಸದ್ದಿಗೆ ಕಾರಣ ಯಾರು?

ಇಟಲಿಯ ಹಳೆಯ ಆಲ್ಫಾ ರೋಮಿಯೊ ಜೂಲಿಯಾ ಕಾರು ಓಡಿಸಿದವರಿಗೆ ಈ ಸದ್ದು ಹೊಸದಲ್ಲ. ಚಳಿಯ ಬೆಳಗ್ಗೆ ಕಾರು ಹೊರಟು, ಒಂದರಿಂದ ಎರಡನೇ ಗೇರಿಗೆ ಎಳೆದರೆ ಒಳಗಿನಿಂದ ‘ಕಿರ್ರ್’. ಮೂರು, ನಾಲ್ಕು, ಐದು ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಇಟಲಿಯವರ ಕೆಲಸವೇ ಅಷ್ಟು ಎಂದು ಮೂಗು ಮುರಿಯುವವರಿದ್ದಾರೆ. ಅದು ಅನ್ಯಾಯದ ಮಾತು. ಗೇರ್ ಕೂಡುವ ಮೊದಲು ತಿರುಗುವ ಭಾಗಗಳ ವೇಗವನ್ನು ಸಮಗೊಳಿಸುವ ಒಂದು ಉಂಗುರ ಪೆಟ್ಟಿಗೆಯೊಳಗಿದೆ; ಅದು ಸವೆದಾಗ ಬರುವ ಸದ್ದಿದು. ಆ ಉಂಗುರದ ವಿನ್ಯಾಸ ಇಟಲಿಯದ್ದಲ್ಲ.

ಗೇರುಗಳ ವೇಗ ಹೊಂದಿಸುವ ಹೊಣೆಯನ್ನು ಚಾಲಕನ ಕಾಲಿನಿಂದ ಯಂತ್ರಕ್ಕೆ ಮೊದಲು ವರ್ಗಾಯಿಸಿದ್ದು ಅಮೆರಿಕದ ಕ್ಯಾಡಿಲಾಕ್, 1928ರಲ್ಲಿ. ಅರ್ಲ್ ಥಾಂಪ್ಸನ್ ರೂಪಿಸಿದ ಆ ವ್ಯವಸ್ಥೆಯ ಹೆಸರು ಸಿಂಕ್ರೊಮೆಶ್, ಚಿಕ್ಕದಾಗಿ ಸಿಂಕ್ರೊ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಪೋರ್ಷೆ ಸಂಸ್ಥೆ ಬೇರೆ ದಾರಿ ಹಿಡಿಯಿತು. ಟುರಿನ್‌ನ ಉದ್ಯಮಿ ಪಿಯೆರೊ ಡೂಸಿಯೊ ತಮ್ಮ ಚಿಸಿಟಾಲಿಯಾ ಸಂಸ್ಥೆಗೆ ಗ್ರ್ಯಾನ್ ಪ್ರಿ ಕಾರೊಂದನ್ನು ವಿನ್ಯಾಸ ಮಾಡಿಕೊಡಲು ಪೋರ್ಷೆಗೆ ವಹಿಸಿದ್ದರು. ಹೊಸ ಬಗೆಯ ಸಿಂಕ್ರೊ ಉಂಗುರ ರೂಪುಗೊಂಡದ್ದು ಆ ಕಾರಿಗಾಗಿ. 1952ರ ಹೊತ್ತಿಗೆ ಅದು ಪೋರ್ಷೆ 356ಕ್ಕೆ ಬಂತು. ಮುಂದೆ ಫೆರಾರಿ 250 ಸಾಲಿನ ಕಾರುಗಳಿಗೆ, 1962ರ ಜೂಲಿಯಾದ ಐದು ಗೇರುಗಳ ಪೆಟ್ಟಿಗೆಗೆ.

ಉಂಗುರವನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಜಾಣತನ ತಿಳಿಯುತ್ತದೆ. ಅದು ಬಳೆಯಂತೆ ಒಂದೆಡೆ ಸೀಳಿರುವ ಉಕ್ಕಿನ ಉಂಗುರ. ಹೊರಮೈಗೆ ಮಾಲಿಬ್ಡಿನಮ್ ಲೇಪ. ಗೇರ್ ಹಾಕಿದಾಗ ಸ್ಲೀವ್, ಅಂದರೆ ಗೇರನ್ನು ದಂಡಕ್ಕೆ ಜೋಡಿಸುವ ಜಾರುವ ತೋಳು, ಇದರ ಮೇಲೆ ಹಾಯಬೇಕು. ವೇಗ ಹೊಂದದಿದ್ದರೆ ಘರ್ಷಣೆ ಉಂಗುರವನ್ನು ಎಳೆಯುತ್ತದೆ, ಒಳಗಿನ ಪಟ್ಟಿಗಳು ಅದನ್ನು ಹಿಗ್ಗಿಸುತ್ತವೆ. ಹಿಗ್ಗಿದ ಉಂಗುರ ಸ್ಲೀವನ್ನು ಮುಂದೆ ಬಿಡುವುದಿಲ್ಲ. ವೇಗ ಸಮವಾದ ಕ್ಷಣ ಸಡಿಲಗೊಂಡು ದಾರಿ ಕೊಡುತ್ತದೆ. ಬ್ರೇಕೂ ಅದೇ, ಕಾವಲುಗಾರನೂ ಅದೇ. ಹಾಗಾಗಿ ಮೈ ಸವೆದಾಗ ಎರಡೂ ಕೆಲಸ ಒಟ್ಟಿಗೆ ಕೆಡುತ್ತವೆ: ವೇಗ ಹೊಂದುವ ಮೊದಲೇ ಸ್ಲೀವ್ ದಾಟಿ ಹಲ್ಲಿಗೆ ಹಲ್ಲು ತಾಗುತ್ತದೆ. ಬಿಚ್ಚಿದ ಪೆಟ್ಟಿಗೆಯಲ್ಲಿ ಸವೆದ ಉಂಗುರವನ್ನು ಕಣ್ಣಿನಿಂದಲೇ ಗುರುತಿಸಬಹುದು. ಲೇಪ ಹೋದ ಜಾಗ ನುಣ್ಣಗೆ ಮಿರುಗುತ್ತಿರುತ್ತದೆ.

ಎರಡನೆಯದೇ ಏಕೆ? ಜೂಲಿಯಾದ ಮೊದಲ ಗೇರಿನ ಅನುಪಾತ 3.30 (ಪೆಟ್ಟಿಗೆಯಿಂದ ಹೊರಬರುವ ದಂಡ ಒಂದು ಸುತ್ತಿದರೆ ಎಂಜಿನ್ ಅಷ್ಟು ಸುತ್ತುತ್ತದೆ), ಎರಡನೆಯದು 1.99. ಎಂಜಿನ್ ನಿಮಿಷಕ್ಕೆ 5000 ಸುತ್ತಿನಲ್ಲಿರುವಾಗ ಗೇರ್ ಬದಲಿಸಿದರೆ ಕ್ಲಚ್ ತಟ್ಟೆ ಮತ್ತು ಅದರ ದಂಡದ ವೇಗ ಸುಮಾರು 3000ಕ್ಕೆ ಇಳಿಯಬೇಕು. ನಾಲ್ಕರಿಂದ (1.00) ಐದಕ್ಕೆ (0.79) ಹೋಗುವಾಗ ಇಳಿಯಬೇಕಾದದ್ದು 1050 ಸುತ್ತು ಮಾತ್ರ. ಉಂಗುರ ನುಂಗಬೇಕಾದ ಶಕ್ತಿ ಈ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡನೇ ಗೇರಿನ ಉಂಗುರದ ಮೇಲಿನ ಹೊರೆ ಮೂರೂವರೆ ಪಟ್ಟಿಗೂ ಹೆಚ್ಚು. ಊರೊಳಗಿನ ಓಡಾಟದಲ್ಲಿ ಅತಿ ಹೆಚ್ಚು ಬಳಕೆಯಾಗುವುದೂ ಅದೇ. ಗೇರ್ ಎಣ್ಣೆ ತಣ್ಣಗಿದ್ದಾಗ ಗಟ್ಟಿಯಾಗಿರುತ್ತದೆ. ಉಂಗುರ ಆ ಪದರವನ್ನು ಒರೆಸಿ ಹಿಡಿತ ಸಾಧಿಸುವಷ್ಟರಲ್ಲಿ ಅವಸರದ ಕೈ ಗೇರನ್ನು ತಳ್ಳಿಬಿಟ್ಟಿರುತ್ತದೆ.

1972ರಲ್ಲಿ ಬಂದ ಆಲ್ಫೆಟ್ಟಾದಲ್ಲಿ ಆಲ್ಫಾ ರೋಮಿಯೊ ಗೇರ್ ಪೆಟ್ಟಿಗೆಯನ್ನೂ ಕ್ಲಚ್ಚನ್ನೂ ಹಿಂಬದಿಗೆ ಒಯ್ದಿತು. ತೂಕ ಮುಂದೆ ಹಿಂದೆ ಚೆನ್ನಾಗಿ ಹಂಚಿಹೋಯಿತು, ಕಾರು ತಿರುವುಗಳಲ್ಲಿ ಸೊಗಸಾಗಿ ಓಡಿತು. ಆದರೆ ಗೇರ್ ಕೋಲಿನಿಂದ ಪೆಟ್ಟಿಗೆವರೆಗಿನ ಕೊಂಡಿ ಉದ್ದವಾಗಿ, ಉಂಗುರದ ಪ್ರತಿರೋಧ ಅಂಗೈಗೆ ಮಂಕಾಗಿ ಮುಟ್ಟತೊಡಗಿತು. ಯಾವಾಗ ಕಾಯಬೇಕೆಂದು ಕೈಗೆ ತಿಳಿಯದಿದ್ದರೆ ಉಂಗುರಕ್ಕೆ ಉಳಿಗಾಲವಿಲ್ಲ. ಪೋರ್ಷೆ ಸಂಸ್ಥೆಯೇ 1987ರ ಮಾದರಿಯ 911ಕ್ಕೆ ಜಿ50 ಗೇರ್ ಪೆಟ್ಟಿಗೆ ತಂದಾಗ ತನ್ನ ಉಂಗುರವನ್ನು ಬಿಟ್ಟು, ಅಮೆರಿಕದ ಬೋರ್ಗ್ ವಾರ್ನರ್ ಕಂಪನಿಯ ಮಾದರಿಯ ಸಿಂಕ್ರೊಗೆ ಬದಲಾಯಿತು. ಇಟಲಿಯನ್ನು ಬೈಯುವವರು ಇದನ್ನು ನೆನಪಿಡಬೇಕು.

ಫೆರಾರಿ 308ರ ಮಾಲೀಕರಲ್ಲಿ ಒಂದು ರೂಢಿಯಿದೆ: ಗೇರ್ ಎಣ್ಣೆ ಬಿಸಿಯಾಗುವವರೆಗೆ ಎರಡನ್ನು ಮುಟ್ಟದೆ ಒಂದರಿಂದ ನೇರ ಮೂರಕ್ಕೆ ಹೋಗುವುದು. ಜೂಲಿಯಾಕ್ಕೂ ಇದು ಒಗ್ಗುತ್ತದೆ. ಮೂರರಿಂದ ಎರಡಕ್ಕೆ ಇಳಿಯುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ತುಸು ಒತ್ತಿ, ಮತ್ತೆ ಕ್ಲಚ್ ತುಳಿದು ಗೇರ್ ಹಾಕಿದರೆ ಉಂಗುರದ ಪಾಲಿಗೆ ಕೆಲಸವೇ ಉಳಿಯುವುದಿಲ್ಲ. 1928ಕ್ಕೂ ಮುಂಚಿನ ಚಾಲಕರು ಪ್ರತಿ ಗೇರಿಗೂ ಮಾಡುತ್ತಿದ್ದುದು ಇದನ್ನೇ.