ಜಾವಾ ಲೈಬ್ರರಿ ಡಾಟ್‌ನೆಟ್‌ನಲ್ಲಿ ಓಡಬೇಕಾದರೆ

ಪಿಡಿಎಫ್ ಓದುವುದಕ್ಕೆ, ಪಠ್ಯ ಹುಡುಕುವುದಕ್ಕೆ ಜಾವಾದಲ್ಲಿ ವರ್ಷಗಟ್ಟಲೆ ಪಳಗಿದ ಲೈಬ್ರರಿಗಳಿವೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಆದರೆ ನಿಮ್ಮ ಪ್ರಾಜೆಕ್ಟ್ ಇರುವುದು ಮೈಕ್ರೋಸಾಫ್ಟ್‌ನ ವೇದಿಕೆಯಾದ ಡಾಟ್‌ನೆಟ್‌ನಲ್ಲಿ. ಅವನ್ನೆಲ್ಲ ಮತ್ತೆ ಬರೆಯುತ್ತಾ ಕೂರಬೇಕಾ?

ಮೈಕ್ರೋಸಾಫ್ಟ್ 1996ರಲ್ಲಿ ತನ್ನದೇ ಜಾವಾ ತಂದಿತು, 1997ರಲ್ಲಿ ಜಾವಾ ಹುಟ್ಟುಹಾಕಿದ ಸನ್ ಕಂಪನಿ ಕೋರ್ಟಿಗೆ ಹೋಯಿತು, 2001ರಲ್ಲಿ ರಾಜಿಯಾಯಿತು. ಆಮೇಲೆ ಡಾಟ್‌ನೆಟ್‌ಗೆ ಅಂತ ಬಂದ ಜಾವಾದಂಥ ಭಾಷೆ ಜೆ ಶಾರ್ಪ್‌ಗೆ ಹಳೇ ಜಾವಾ 1.1ರ ಮಟ್ಟದ ಲೈಬ್ರರಿಗಳಷ್ಟೇ ಗೊತ್ತಿದ್ದವು. ಅದೂ ಹೆಚ್ಚು ಕಾಲ ಬಾಳಲಿಲ್ಲ.

ಹಾಗಾಗಿ ಜನ ಕೈಯಾರೆ ಪೋರ್ಟ್ ಮಾಡಿದರು, ಅಂದರೆ ಜಾವಾ ಲೈಬ್ರರಿಗಳನ್ನು ಡಾಟ್‌ನೆಟ್‌ಗೆ ತಿರುಗಿಸಿ ಬರೆದರು. ಕೋಡ್ ಪರೀಕ್ಷಿಸುವ ಜೆಯುನಿಟ್ ಎನ್‌ಯುನಿಟ್ ಆಯಿತು, ಡೇಟಾಬೇಸ್ ಜೊತೆ ಮಾತಾಡುವ ಹೈಬರ್ನೇಟ್ ಎನ್‌ಹೈಬರ್ನೇಟ್ ಆಯಿತು. ಇವೆರಡೂ ತಮ್ಮದೇ ದಾರಿ ಹಿಡಿದು ಚೆನ್ನಾಗಿ ಬೆಳೆದವು. ಮೂಲದ ಹೆಜ್ಜೆಯಲ್ಲೇ ನಡೆಯುತ್ತೇವೆ ಅಂದವರ ಪಾಡು ಬೇರೆ. ಪಠ್ಯ ಹುಡುಕುವ ಲೈಬ್ರರಿ ಲೂಸೀನ್‌ನ 4.8 ಆವೃತ್ತಿ ಜಾವಾದಲ್ಲಿ ಬಂದದ್ದು 2014ರಲ್ಲಿ. 2022ರಲ್ಲೂ ಡಾಟ್‌ನೆಟ್ ಲೂಸೀನ್ ಅದೇ 4.8ರ ಬೀಟಾದಲ್ಲಿತ್ತು, ಅಷ್ಟರಲ್ಲಿ ಜಾವಾ ಕಡೆ 9 ಬಂದಾಗಿತ್ತು.

ನನ್ನ ಕಣ್ಣಿಗೆ ನಿಜಕ್ಕೂ ಜಾಣ ಉಪಾಯ ಅನ್ನಿಸುವುದು ಐಕೆವಿಎಂ. ಯೆರೂನ್ ಫ್ರೈಟರ್ಸ್ ಶುರುಮಾಡಿದ ಇದಕ್ಕೆ ಸೋರ್ಸ್ ಕೋಡ್ ಬೇಕಾಗಿಲ್ಲ, ಕಂಪೈಲ್ ಆದ ಜಾವಾ ಕೋಡ್ (ಬೈಟ್‌ಕೋಡ್) ಕಟ್ಟಿಟ್ಟ ಜಾರ್ ಫೈಲ್ ಇದ್ದರೆ ಸಾಕು. ಐಕೆವಿಎಂಸಿ ಎಂಬ ಕಮಾಂಡ್‌ಗೆ ಜಾರ್ ಕೊಟ್ಟರೆ, ಒಳಗಿನ ಬೈಟ್‌ಕೋಡನ್ನು ಡಾಟ್‌ನೆಟ್‌ನ ಕೋಡಾಗಿ ಬದಲಿಸಿ ಡಿಎಲ್‌ಎಲ್ ಎಂಬ ಲೈಬ್ರರಿ ಫೈಲ್ ಕೊಡುತ್ತದೆ. ಜಾವಾದ ಸ್ಟ್ರಿಂಗ್ (ಪಠ್ಯದ ತುಣುಕು) ಡಾಟ್‌ನೆಟ್‌ನ ಸ್ಟ್ರಿಂಗ್ ಆಗಿಯೇ ಕಾಣುತ್ತದೆ. ಆದರೆ ಲಿಸ್ಟಿನೊಳಗೆ ಯಾವ ಬಗೆಯದ್ದಿದೆ ಎಂದು ಹೇಳುವ ಜೆನೆರಿಕ್ಸ್ ಮಾಯವಾಗುತ್ತದೆ: ಸ್ಟ್ರಿಂಗ್‌ಗಳ ಲಿಸ್ಟ್ ಅಂತ ಬರೆದದ್ದು ಬರೀ ಲಿಸ್ಟ್ ಆಗಿ ಬರುತ್ತದೆ, ಒಂದೊಂದನ್ನೂ ಇದು ಸ್ಟ್ರಿಂಗ್ ಅಂತ ಹೇಳಿ ಕಾಸ್ಟ್ ಮಾಡಿಕೊಳ್ಳಬೇಕು. ಜಾವಾದ ಬೈಟ್‌ನಲ್ಲಿ ಮೈನಸ್ ಸಂಖ್ಯೆಗಳೂ ಇರುತ್ತವೆ, ಸಿ ಶಾರ್ಪ್‌ನ ಬೈಟ್‌ನಲ್ಲಿ ಇರುವುದಿಲ್ಲ. ಗಮನಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಜಾವಾದ ಮೂಲ ಕ್ಲಾಸ್‌ಗಳಿಗೆ ಐಕೆವಿಎಂ ಮೊದಲು ಅವುಗಳನ್ನು ಮುಕ್ತವಾಗಿ ಮರುಬರೆದ ಗ್ನೂ ಕ್ಲಾಸ್‌ಪಾತ್ ನೆಚ್ಚಿಕೊಂಡಿತ್ತು. 2007ರಲ್ಲಿ ಸನ್‌ನ ಜಾವಾ ಕೋಡ್ ಮುಕ್ತವಾಗಿ ಓಪನ್‌ಜೆಡಿಕೆ ಹೆಸರಲ್ಲಿ ಬಂದಮೇಲೆ ಅಸಲಿ ಕೋಡೇ ಸಿಕ್ಕಿತು. ಇಷ್ಟು ದೊಡ್ಡ ಕೆಲಸದ ಭಾರ ಹೆಚ್ಚುಕಡಿಮೆ ಒಬ್ಬರ ಮೇಲೇ ಇತ್ತು. ಉಪಯೋಗಿಸಿಕೊಂಡವರು ಬಹಳ, ಕೈಜೋಡಿಸಿದವರು ಕಡಿಮೆ. 2017ರಲ್ಲಿ ಫ್ರೈಟರ್ಸ್ ಸಾಕು ಅಂದರು. ಆಗ ಆಶ್ಚರ್ಯಪಡಲು ಏನೂ ಇರಲಿಲ್ಲ, ಅಲ್ವಾ? 2022ರಲ್ಲಿ ಬೇರೆಯವರು ಅದನ್ನು ಮತ್ತೆ ಎತ್ತಿಕೊಂಡು ಹೊಸ ಡಾಟ್‌ನೆಟ್‌ಗೆ ತಂದರು.

ಆದರೂ ಅದರ ಮಿತಿ ಜಾವಾ 8. ಜಾರ್ ಬಿಚ್ಚಿ ಕ್ಲಾಸ್ ಫೈಲ್‌ನ ಆವೃತ್ತಿ ನೋಡಿ. 52 (ಅಂದರೆ ಜಾವಾ 8) ಅಥವಾ ಕಡಿಮೆ ಇದ್ದರೆ ಐಕೆವಿಎಂನಲ್ಲಿ ಪ್ರಯತ್ನಿಸಬಹುದು. ಜಾಸ್ತಿ ಇದ್ದರೆ ಜಾವಾವನ್ನು ಬೇರೆ ಪ್ರೋಸೆಸ್ ಆಗಿಯೇ ಓಡಿಸಿ, ಎಚ್‌ಟಿಟಿಪಿ ಮೂಲಕ ಮಾತಾಡಿಸುವುದು ವಾಸಿ. ಪೈಥಾನ್‌ನಿಂದ ಭಾರಿ ಡೇಟಾ ಸಂಸ್ಕರಿಸುವ ಸ್ಪಾರ್ಕ್ ಬಳಸುವವರೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಿದ್ದಾರೆ. ಅಲ್ಲಿ ಸಾಕೆಟ್‌ನ ಆಚೆ ತುದಿಯಲ್ಲಿ ಜಾವಾ ಕೋಡ್ ಓಡಿಸುವ ಪೂರ್ತಿ ಜೆವಿಎಂ ಓಡುತ್ತಿರುತ್ತದೆ.